ಗಿರಾಕಿಯನ್ನೇ ಬೇಡ ಅನ್ನುವ ಕಂಪನಿಗಳು: ಈ ಹಕ್ಕು ಎಲ್ಲಿಯವರೆಗೆ?

2025ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಬ್ಯಾಂಕುಗಳ ಬಗ್ಗೆ ಒಂದು ಆದೇಶಕ್ಕೆ ಸಹಿ ಹಾಕಿದರು. ರಾಜಕೀಯ ನಿಲುವು, ಧಾರ್ಮಿಕ ನಂಬಿಕೆ ಅಥವಾ ಕಾನೂನು ಒಪ್ಪಿರುವ ಯಾವುದೇ ವ್ಯಾಪಾರದ ಕಾರಣ ಮುಂದಿಟ್ಟು ಬ್ಯಾಂಕುಗಳು ಗ್ರಾಹಕರನ್ನು ಹೊರಗಿಡಬಾರದು ಎಂಬುದು ಅದರ ತಿರುಳು. ಡಿಸೆಂಬರ್‌ನಲ್ಲಿ ಅಲ್ಲಿನ ಬ್ಯಾಂಕ್ ನಿಯಂತ್ರಣ ಸಂಸ್ಥೆ ಒಸಿಸಿ ತನ್ನ ಮೊದಲ ಹಂತದ ಪರಿಶೀಲನೆಯ ಫಲಿತಾಂಶ ಪ್ರಕಟಿಸಿತು. 2020ರಿಂದ 2023ರ ನಡುವೆ ದೇಶದ ಒಂಬತ್ತು ದೊಡ್ಡ ಬ್ಯಾಂಕುಗಳು ತೈಲ, ಕಲ್ಲಿದ್ದಲು, ಬಂದೂಕು, ಖಾಸಗಿ ಜೈಲು, ತಂಬಾಕು ಮುಂತಾದ ಉದ್ಯಮಗಳಿಗೆ ಬೇರೆಯವರಿಗಿಲ್ಲದ ಅಡ್ಡಿ ಒಡ್ಡಿದ್ದವು ಎಂದಿತು.

ಸುದ್ದಿ ಓದಿದವರಿಗೆ ಗೊಂದಲವಾಗುವುದು ಸಹಜ. ಖಾಸಗಿ ಕಂಪನಿಗಳ ವ್ಯವಹಾರದಲ್ಲಿ ಸರ್ಕಾರ ಮೂಗು ತೂರಿಸಬಾರದು ಎನ್ನುವುದು ಟ್ರಂಪ್ ಪಕ್ಷದ ಹಳೇ ಮಾತು. ಸಲಿಂಗಿ ಜೋಡಿಗೆ ಮದುವೆ ಕೇಕ್ ಮಾಡಿಕೊಡಲ್ಲ ಅಂದ ಬೇಕರಿಯವನ ಪರ ನಿಂತವರೂ ಅವರೇ. ಅತ್ತ, ಆ ಬೇಕರಿಯವನನ್ನು ಬೈದ ಜನ ತೈಲ ಕಂಪನಿಗೆ ಜಾಕೆಟ್ ಕೊಡಲ್ಲ ಅಂದ ಬ್ರ್ಯಾಂಡ್‌ಗೆ ಚಪ್ಪಾಳೆ ತಟ್ಟಿದರು. ಹಾಗಾದರೆ ಅಂಗಡಿಯವನಿಗೆ ಗಿರಾಕಿಯನ್ನು ಆರಿಸಿಕೊಳ್ಳುವ ಹಕ್ಕು ಇದೆಯೋ ಇಲ್ಲವೋ?

ಇದಕ್ಕೆ ಒಂದೇ ಉತ್ತರ ಇಲ್ಲ. ಬಾಗಿಲು ಮುಚ್ಚುವವರು ಎಷ್ಟು ದೊಡ್ಡವರು, ಬೇಡ ಅನ್ನಿಸಿಕೊಂಡವರಿಗೆ ಇನ್ನೊಂದು ಬಾಗಿಲು ಇದೆಯಾ ಎನ್ನುವುದರ ಮೇಲೆ ಅದು ನಿಂತಿದೆ. ನಮ್ಮ ದೇಶಕ್ಕೆ ಬಂದರೆ ಮೂರನೆಯದೂ ಒಂದಿದೆ. ಅದನ್ನು ಕೊನೆಗೆ ನೋಡೋಣ.

ನಾನೂರು ಜಾಕೆಟ್‌ಗಳ ಆರ್ಡರ್

2020ರ ಕೊನೆಯಲ್ಲಿ ಟೆಕ್ಸಸ್‌ನ ಇನೊವೆಕ್ಸ್ ಎಂಬ ಕಂಪನಿ ಕ್ರಿಸ್‌ಮಸ್‌ಗೆ ತನ್ನ ನೌಕರರಿಗೆ ಜಾಕೆಟ್ ಕೊಡಲು ಹೊರಟಿತು. ತೈಲ ಬಾವಿಗಳಿಗೆ ಬೇಕಾದ ಸಲಕರಣೆ ಮಾಡುವ ಕಂಪನಿ ಅದು. ಬೇಕಿದ್ದದ್ದು ಸುಮಾರು 400 ಜಾಕೆಟ್. ದಿ ನಾರ್ತ್ ಫೇಸ್ ಬ್ರ್ಯಾಂಡಿನದು, ಮೇಲೆ ಇನೊವೆಕ್ಸ್ ಲೋಗೊ ಹೊಲಿದಿರಬೇಕು. ಆರ್ಡರ್ ತೆಗೆದುಕೊಂಡ ಮಾರಾಟಗಾರರ ಕಡೆಯಿಂದ ಆಗಲ್ಲ ಎಂಬ ಉತ್ತರ ಬಂತು. ತೈಲ ಉದ್ಯಮದ ಹೆಸರಿನ ಪಕ್ಕ ತನ್ನ ಹೆಸರು ಕಾಣುವುದು ಬ್ರ್ಯಾಂಡ್‌ಗೆ ಇಷ್ಟವಿಲ್ಲವಂತೆ. ತಮ್ಮನ್ನು ತಂಬಾಕು, ಅಶ್ಲೀಲ ಚಿತ್ರಗಳ ಸಾಲಿಗೆ ಸೇರಿಸಿದರು ಎಂದು ಇನೊವೆಕ್ಸ್ ಮುಖ್ಯಸ್ಥರು ಸಿಟ್ಟಾದರು. ನಾರ್ತ್ ಫೇಸ್‌ನ ಮಾತೃ ಕಂಪನಿ ವಿಎಫ್ ಕಾರ್ಪೊರೇಷನ್‌ನ ಮುಖ್ಯಸ್ಥರಿಗೆ ಬಹಿರಂಗ ಪತ್ರ ಬರೆದರು.

ಪತ್ರದ ವಾದ ಸರಳವಾಗಿತ್ತು. ನಿಮ್ಮ ಜಾಕೆಟ್‌ನ ನೈಲಾನ್, ಪಾಲಿಯೆಸ್ಟರ್, ಪಾಲಿಯುರೆಥೇನ್ ಎಲ್ಲ ಬರುವುದು ಪೆಟ್ರೋಲಿಯಂನಿಂದ. ನಮ್ಮ ಉದ್ಯಮ ಇಲ್ಲದೆ ನಿಮ್ಮ ಸರಕೇ ಇಲ್ಲ. ಮತ್ತೆ ನಮಗೆ ಮಾರಲು ಯಾಕೆ ನಾಚಿಕೆ?

ತೈಲ ಉದ್ಯಮಕ್ಕೆ ಇದು ಕೈಗೆ ಸಿಕ್ಕ ಬೆಣ್ಣೆಯಾಯಿತು. 2021ರ ಮಾರ್ಚ್‌ನಲ್ಲಿ ಕೊಲರಾಡೊ ರಾಜ್ಯದ ತೈಲ ಮತ್ತು ಅನಿಲ ಉದ್ಯಮಿಗಳ ಸಂಘ ನಾರ್ತ್ ಫೇಸ್‌ಗೆ ‘ಅಸಾಧಾರಣ ಗ್ರಾಹಕ’ ಎಂಬ ಪ್ರಶಸ್ತಿ ಕೊಟ್ಟು ಕಿಚಾಯಿಸಿತು. ಕೆಲವೇ ತಿಂಗಳಲ್ಲಿ ಲಿಬರ್ಟಿ ಎಂಬ ತೈಲ ಸೇವಾ ಕಂಪನಿ ಡೆನ್ವರ್ ನಗರದ ಸುತ್ತ ದೊಡ್ಡ ಜಾಹೀರಾತು ಫಲಕ ಹಾಕಿಸಿತು. ಈ ಜಾಕೆಟ್ ನಿಮಗೆ ಚೆನ್ನಾಗಿ ಒಪ್ಪುತ್ತೆ, ಅಂದಹಾಗೆ ಇದು ಮಾಡಿದ್ದು ಪಳೆಯುಳಿಕೆ ಇಂಧನದಿಂದ ಎನ್ನುವ ಧಾಟಿಯದು. ವಿಎಫ್ ತನ್ನ ಕೇಂದ್ರ ಕಚೇರಿಯನ್ನು ಡೆನ್ವರ್‌ಗೆ ತಂದು ಆಗಿನ್ನೂ ಜಾಸ್ತಿ ದಿನವಾಗಿರಲಿಲ್ಲ. ಫಲಕ ಹಾಕಿಸಿದ ಲಿಬರ್ಟಿಯ ಮುಖ್ಯಸ್ಥ ಕ್ರಿಸ್ ರೈಟ್. 2025ರಲ್ಲಿ ಅವರು ಅಮೆರಿಕದ ಇಂಧನ ಸಚಿವರಾದರು.

ತೈಲದವರ ವಾದ ಅರ್ಧ ಸರಿ. ಬಯಲಿನಲ್ಲಿ ಓಡಾಡುವವರ ಬಟ್ಟೆ, ಟೆಂಟು, ಬೂಟಿನ ಅಟ್ಟೆ, ಎಲ್ಲದರಲ್ಲೂ ಪೆಟ್ರೋಲಿಯಂ ಇದೆ. ಅದನ್ನು ಬಿಟ್ಟು ಅಷ್ಟೇ ಹಗುರವಾದ, ಮಳೆ ತಡೆಯುವ ಜಾಕೆಟ್ ಆ ಪ್ರಮಾಣದಲ್ಲಿ ಮಾಡುವುದು ಇವತ್ತಿಗೂ ಕಷ್ಟ. ಕೊಳ್ಳುವಾಗ ಬೇರೆ ದಾರಿಯಿಲ್ಲ ಅಂತ ಕೊಂಡು, ಮಾರುವಾಗ ಮಾತ್ರ ಮಡಿ ಮಾಡಿದರೆ ಜನ ಕೇಳದೆ ಇರುತ್ತಾರಾ?

ಆದರೆ ಇನ್ನರ್ಧವನ್ನು ಆ ಫಲಕಗಳು ಮುಚ್ಚಿಟ್ಟವು. ಇನೊವೆಕ್ಸ್‌ನ ಯಾವ ನೌಕರನಿಗೂ ಜಾಕೆಟ್ ಸಿಗದೆ ಹೋಗಲಿಲ್ಲ. ಮಾಲ್‌ಗೆ ಹೋಗಿ ಅದೇ ಜಾಕೆಟ್ ಕೊಳ್ಳಬಹುದಿತ್ತು, ಯಾರೂ ಕೆಲಸ ಎಲ್ಲಿ ಅಂತ ಕೇಳುತ್ತಿರಲಿಲ್ಲ. ನಿರಾಕರಿಸಿದ್ದು ಎರಡು ಹೆಸರು ಒಂದೇ ಎದೆಯ ಮೇಲೆ ಕೂರುವುದನ್ನು. ಕಚ್ಚಾ ಮಾಲು ಎಲ್ಲಿಂದ ಬಂತು ಅಂತ ಜಾಕೆಟ್ ನೋಡಿದವರಿಗೆ ಕಾಣುವುದಿಲ್ಲ. ಲೋಗೊ ಪಕ್ಕದ ಲೋಗೊ ಕಾಣುತ್ತದೆ. ಬ್ರ್ಯಾಂಡ್ ಕಾಪಾಡಿಕೊಂಡದ್ದು ಆ ಕಾಣುವ ಭಾಗವನ್ನು. ಅದನ್ನು ಪರಿಸರ ರಕ್ಷಣೆ ಅಂದರೆ ಜಾಸ್ತಿಯಾಯಿತು.

ಲೋಗೊ ಯಾಕೆ ಇಷ್ಟು ಮುಖ್ಯ

ಇದಕ್ಕೂ ಮುಂಚೆ, 2019ರ ಏಪ್ರಿಲ್‌ನಲ್ಲಿ ಪ್ಯಾಟಗೋನಿಯಾ ಎಂಬ ಇನ್ನೊಂದು ಬಟ್ಟೆ ಬ್ರ್ಯಾಂಡ್ ಇದೇ ಕಾರಣಕ್ಕೆ ಸುದ್ದಿಯಾಗಿತ್ತು. ಆ ಕಾಲಕ್ಕೆ ನ್ಯೂಯಾರ್ಕ್‌ನ ಹಣಕಾಸು ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಒಂದು ಸಮವಸ್ತ್ರವೇ ಇತ್ತು: ಫಾರ್ಮಲ್ ಶರ್ಟಿನ ಮೇಲೆ ತೋಳಿಲ್ಲದ ಪ್ಯಾಟಗೋನಿಯಾ ಫ್ಲೀಸ್ (ಉಣ್ಣೆಯಂಥ ಕೃತಕ ಬಟ್ಟೆ) ವೆಸ್ಟ್, ಎದೆಯ ಮೇಲೆ ಬ್ಯಾಂಕಿನ ಹೆಸರು. ಜನ ಅದನ್ನು ನೋಡಿ ತಮಾಷೆ ಮಾಡುತ್ತಿದ್ದರು. ಬೆಂಗಳೂರಿನ ಟೆಕ್ ಪಾರ್ಕ್‌ಗಳಲ್ಲಿ ಕಂಪನಿ ಹೂಡಿ ಹಾಕಿಕೊಂಡು ಓಡಾಡುವುದನ್ನು ಕಂಡವರಿಗೆ ಈ ಗೀಳು ಹೊಸದೇನಲ್ಲ.

ಪರಿಸರದ ಹೋರಾಟಗಳಿಗೆ ಹಣ ಕೊಡುವ ಪ್ಯಾಟಗೋನಿಯಾಗೆ ಇದು ಮುಜುಗರ. ಇನ್ನು ಮುಂದೆ ಭೂಮಿಯ ಕಾಳಜಿಯನ್ನು ಮೊದಲಿಗಿಡುವ ಕಂಪನಿಗಳ ಲೋಗೊ ಹಾಕಿಕೊಡುವುದಕ್ಕೇ ಆದ್ಯತೆ ಎಂದು ಅದು ಹೇಳಿತು. ತೈಲ, ಗಣಿ, ಅಣೆಕಟ್ಟು, ಹಣಕಾಸಿನವರ ಆರ್ಡರ್‌ಗಳು ಬದಿಗೆ ಸರಿದವು. 2021ರಲ್ಲಿ ಇನ್ನೂ ಮುಂದೆ ಹೋಗಿ, ಯಾರ ಲೋಗೊವನ್ನೂ ಹೊಲಿಯುವುದಿಲ್ಲ ಎಂದಿತು. ಈ ಸಲದ ಕಾರಣ ಬೇರೆ: ಕೆಲಸ ಬಿಟ್ಟ ಮೇಲೆ ಹಳೇ ಕಂಪನಿಯ ಹೆಸರಿನ ಬಟ್ಟೆಯನ್ನು ಯಾರೂ ಹಾಕುವುದಿಲ್ಲ, ಬೇರೆಯವರಿಗೆ ಕೊಡಲೂ ಆಗುವುದಿಲ್ಲ. ಇಪ್ಪತ್ತು ವರ್ಷ ಬಾಳುವ ಬಟ್ಟೆ ಬೀರುವಿನಲ್ಲಿ ಕೊಳೆಯುತ್ತದೆ. ಮೊದಲ ನಿಯಮಕ್ಕಿಂತ ಈ ಎರಡನೆಯದೇ ಗಟ್ಟಿ. ಇಲ್ಲಿ ಒಳ್ಳೆಯವರು ಕೆಟ್ಟವರು ಅಂತ ಪಟ್ಟಿ ಮಾಡುವ ಗೋಜೇ ಇಲ್ಲ.

ಕಂಪನಿಗಳು ಬರುವ ದುಡ್ಡನ್ನು ಸುಮ್ನೆ ಬಿಡುವುದಿಲ್ಲ. ಹಿಂದೆ ಲೆಕ್ಕ ಇರುತ್ತದೆ. ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ಗಿರಾಕಿ ಬಟ್ಟೆಯ ಜೊತೆ ಒಂದು ನಿಲುವನ್ನೂ ಕೊಳ್ಳುತ್ತಿರುತ್ತಾನೆ. ಆ ನಿಲುವು ಮಸುಕಾದರೆ ಬೆಲೆ ನಿಲ್ಲುವುದಿಲ್ಲ. ಇನ್ನೊಂದು ಒತ್ತಡ ಒಳಗಿನಿಂದ ಬರುತ್ತದೆ. 2018ರಲ್ಲಿ ಅಮೆರಿಕ ಸೇನೆಯ ಡ್ರೋನ್ ಚಿತ್ರಗಳನ್ನು ವಿಶ್ಲೇಷಿಸುವ ‘ಮೇವನ್’ ಯೋಜನೆಯ ವಿರುದ್ಧ ಗೂಗಲ್‌ನ ಸಾವಿರಾರು ನೌಕರರು ಸಹಿ ಹಾಕಿದರು, ಕಂಪನಿ ಒಪ್ಪಂದ ಮುಂದುವರಿಸಲಿಲ್ಲ. ಮರುವರ್ಷ ವೇಫೇರ್ ಎಂಬ ಪೀಠೋಪಕರಣ ಕಂಪನಿಯ ನೌಕರರು, ವಲಸೆ ಮಕ್ಕಳನ್ನು ಇಡುವ ಕೇಂದ್ರಕ್ಕೆ ಮಂಚ ಮಾರಿದ್ದಕ್ಕೆ ಕೆಲಸ ಬಿಟ್ಟು ಬೀದಿಗಿಳಿದರು. ಆದರೆ ಅಲ್ಲಿ ಆಡಳಿತ ಮಣಿಯಲಿಲ್ಲ.

ಜಾಹೀರಾತು ಲೋಕದಲ್ಲಂತೂ ಗಿರಾಕಿ ಯಾರು ಎನ್ನುವುದೇ ಗುರುತು. 2024ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಂಟೊನಿಯೊ ಗುಟೆರಸ್, ತೈಲ ಕಂಪನಿಗಳ ಕೆಲಸ ಹಿಡಿಯಬೇಡಿ ಎಂದು ಜಾಹೀರಾತು ಏಜೆನ್ಸಿಗಳಿಗೆ ಬಹಿರಂಗವಾಗಿ ಕೇಳಿಕೊಂಡರು. ಮರುತಿಂಗಳೇ ಹವಾಸ್ ಸಮೂಹದ ನಾಲ್ಕು ಏಜೆನ್ಸಿಗಳು ಸಮಾಜ, ಪರಿಸರದ ಹೊಣೆ ಅರಿತ ಕಂಪನಿಗಳಿಗೆ ಸಿಗುವ ‘ಬಿ ಕಾರ್ಪ್’ ಮಾನ್ಯತೆ ಕಳೆದುಕೊಂಡವು. ಹವಾಸ್ ಅದರ ಹಿಂದಿನ ವರ್ಷ ಶೆಲ್ ಎಂಬ ತೈಲ ಕಂಪನಿಯ ಕೆಲಸ ಹಿಡಿದಿತ್ತು. ಅಂದರೆ ಯಾರನ್ನು ಬೇಡ ಅನ್ನುತ್ತೀರಿ ಎನ್ನುವುದೂ ಈಗ ಅಂಕಪಟ್ಟಿಯಲ್ಲಿ ಸೇರಿದೆ. ಹವಾಸ್‌ನಂಥವರು ಇದನ್ನು ತಡೆದುಕೊಳ್ಳುತ್ತಾರೆ. ಹತ್ತು ಜನರ ಪುಟ್ಟ ಏಜೆನ್ಸಿ ಇಂಥ ಗಿರಾಕಿಯನ್ನು ಬಿಟ್ಟರೆ ಬಡವನ ಕೋಪ ದವಡೆಗೆ ಮೂಲ ಎಂಬಂತಾಗುತ್ತದೆ.

ಕೇಕ್‌ಗೂ ಜಾಕೆಟ್‌ಗೂ ಏನು ವ್ಯತ್ಯಾಸ

ಬೇಕರಿಯವನು ತಪ್ಪು, ಜಾಕೆಟ್‌ನವರು ಸರಿ ಅಂದರೆ ಇಬ್ಬಗೆ ನೀತಿ ಅಲ್ವಾ? ಕಾನೂನು ಇಲ್ಲಿ ಒಂದು ಗೆರೆ ಎಳೆದಿದೆ.

ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಪ್ರಕಾರ ಹೋಟೆಲ್, ಚಿತ್ರಮಂದಿರದಂಥ ಕಡೆ ಜನಾಂಗ, ಬಣ್ಣ, ಧರ್ಮ, ಮೂಲ ದೇಶದ ಆಧಾರದ ಮೇಲೆ ಯಾರನ್ನೂ ಹೊರಗಿಡುವಂತಿಲ್ಲ. ಕೊಲರಾಡೊದಂಥ ರಾಜ್ಯಗಳು ಇದಕ್ಕೆ ಲೈಂಗಿಕ ಒಲವನ್ನೂ ಸೇರಿಸಿ, ಎಲ್ಲ ಬಗೆಯ ಅಂಗಡಿಗಳಿಗೂ ಅನ್ವಯಿಸಿವೆ. ಇವೆಲ್ಲ ಮನುಷ್ಯ ಬದಲಿಸಿಕೊಳ್ಳಲಾಗದ, ಬದಲಿಸಿಕೊ ಅಂತ ಕೇಳಬಾರದ ಸಂಗತಿಗಳು. ಯಾವ ಉದ್ಯಮ ನಡೆಸುತ್ತೀರಿ ಎನ್ನುವುದು ಪಟ್ಟಿಯಲ್ಲಿ ಇಲ್ಲ. ಹಾಗಾಗಿ ತೈಲ ಕಂಪನಿಗೆ ಇಲ್ಲ ಅನ್ನುವುದು ಕಾನೂನಿನ ಕಣ್ಣಲ್ಲಿ ತಾರತಮ್ಯವಲ್ಲ, ವ್ಯಾಪಾರಿಯ ಇಷ್ಟ.

ಕೇಕ್ ಪ್ರಕರಣದಲ್ಲಿ ಬೇಕರಿಯವನು 2018ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದನಲ್ಲ ಅನ್ನಬಹುದು. ಗೆದ್ದ, ಆದರೆ ಕಿರಿದಾದ ಕಾರಣಕ್ಕೆ. ವಿಚಾರಣೆ ನಡೆಸಿದ ರಾಜ್ಯ ಆಯೋಗ ಅವನ ಧಾರ್ಮಿಕ ನಂಬಿಕೆಯನ್ನು ತುಚ್ಛವಾಗಿ ಕಂಡಿತು ಎಂದು ಕೋರ್ಟ್ 7-2ರಲ್ಲಿ ಹೇಳಿತು. ಅಂಗಡಿಯವರು ಯಾರನ್ನು ಬೇಕಾದರೂ ಹೊರಗೆ ಕಳಿಸಬಹುದು ಅಂತ ಹೇಳಲಿಲ್ಲ. ದೊಡ್ಡ ಬದಲಾವಣೆ ಬಂದಿದ್ದು 2023ರಲ್ಲಿ. ಸಲಿಂಗಿಗಳ ಮದುವೆಗೆ ವೆಬ್‌ಸೈಟ್ ಮಾಡಿಕೊಡಲಾರೆ ಅಂದ ವಿನ್ಯಾಸಕಿಯ ಪರವಾಗಿ 6-3ರಲ್ಲಿ ತೀರ್ಪು ಬಂತು. ತನ್ನದೇ ಮಾತಿನಂಥ ಸೃಜನಶೀಲ ಕೆಲಸವನ್ನು ಯಾರ ಮೇಲೂ ಹೇರುವಂತಿಲ್ಲ ಎಂಬುದು ಕೋರ್ಟಿನ ತರ್ಕ. ಕೇಕ್, ವೆಬ್‌ಸೈಟ್, ಜಾಕೆಟ್ ಫಲಕ, ಮೂರೂ ಕೊಲರಾಡೊದವೇ. ಜಗಳಕ್ಕೆ ಆ ರಾಜ್ಯ ಹೆಸರುವಾಸಿ ಇರಬೇಕು!

ಈ ತೀರ್ಪುಗಳಿಂದ ಒಂದು ಸಂಗತಿ ಹೊರಬಿತ್ತು. ನಿರಾಕರಿಸುವ ಹಕ್ಕು ಎಷ್ಟು ಗಟ್ಟಿ ಎನ್ನುವುದು ಮಾರುತ್ತಿರುವ ವಸ್ತುವಿನ ಮೇಲೂ ನಿಂತಿದೆ. ಹೆಸರು, ಮಾತು, ವಿನ್ಯಾಸ ಮಾರುವವರಿಗೆ ಹಕ್ಕು ಜಾಸ್ತಿ. ಎಲ್ಲರಿಗೂ ಒಂದೇ ಥರ ಬೇಕಾದ ಸೇವೆ ಕೊಡುವವರಿಗೆ ಕಡಿಮೆ. ಬ್ಯಾಂಕಿನ ತಕರಾರು ಹುಟ್ಟುವುದು ಇಲ್ಲೇ.

ಬ್ಯಾಂಕು ಬಾಗಿಲು ಹಾಕಿದರೆ

ಜಾಕೆಟ್ ಸಿಗದಿದ್ದರೆ ಪಕ್ಕದ ಅಂಗಡಿ. ಬ್ಯಾಂಕ್ ಖಾತೆ ಸಿಗದಿದ್ದರೆ ಸಂಬಳ ಹಾಕುವುದು ಹೇಗೆ, ತೆರಿಗೆ ಕಟ್ಟುವುದು ಹೇಗೆ, ಕಾರ್ಡ್ ಪಾವತಿ ಪಡೆಯುವುದು ಹೇಗೆ?

2018ರ ಫೆಬ್ರವರಿಯಲ್ಲಿ ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಗುಂಡಿನ ದಾಳಿ ನಡೆದು 17 ಜನ ಸತ್ತರು. ಮರುತಿಂಗಳು ಸಿಟಿ ಸಮೂಹ ತನ್ನ ವ್ಯಾಪಾರಿ ಗ್ರಾಹಕರಿಗೆ ಷರತ್ತು ಹಾಕಿತು: 21 ವರ್ಷ ಆಗದವರಿಗೆ, ಹಿನ್ನೆಲೆ ಪರಿಶೀಲನೆ ಮುಗಿಯದವರಿಗೆ ಬಂದೂಕು ಮಾರಬಾರದು. ಸಂಸತ್ತು ಮಾಡದ ಕಾನೂನನ್ನು ಬ್ಯಾಂಕು ಮಾಡಿದಂತಾಯಿತು. ಬಂದೂಕು ನಿಯಂತ್ರಣ ಬೇಕು ಅನ್ನುವವರು ಖುಷಿಪಟ್ಟರು. ಬೇಡ ಅನ್ನುವವರು ಕೇಳಿದ ಪ್ರಶ್ನೆಯೂ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ: ಓಟು ಹಾಕಿ ಆರಿಸದ ಬ್ಯಾಂಕ್ ಅಧಿಕಾರಿ ದೇಶದ ನೀತಿ ಹೇಗೆ ತೀರ್ಮಾನಿಸುತ್ತಾನೆ? 2019ರಲ್ಲಿ ಜೆಪಿ ಮೋರ್ಗನ್, ಬ್ಯಾಂಕ್ ಆಫ್ ಅಮೆರಿಕ ಖಾಸಗಿ ಜೈಲು ಕಂಪನಿಗಳಿಗೆ ಸಾಲ ನಿಲ್ಲಿಸಿದವು. ಜೈಲುಗಳೇನೂ ಮುಚ್ಚಲಿಲ್ಲ, ಅವುಗಳ ಸಾಲ ದುಬಾರಿಯಾಯಿತು.

ತಿರುಗೇಟು ಟೆಕ್ಸಸ್‌ನಿಂದ ಬಂತು. 2021ರಲ್ಲಿ ಆ ರಾಜ್ಯ ಎರಡು ಕಾಯ್ದೆ ಮಾಡಿತು. ತೈಲ ಕಂಪನಿಗಳನ್ನು ಬಹಿಷ್ಕರಿಸುವ, ಬಂದೂಕು ಉದ್ಯಮಕ್ಕೆ ತಾರತಮ್ಯ ಮಾಡುವ ಸಂಸ್ಥೆಗಳ ಜೊತೆ ಸರ್ಕಾರದ ದೊಡ್ಡ ಗುತ್ತಿಗೆ ಇಲ್ಲ. ನೀವು ನಮ್ಮವರನ್ನು ಬಿಟ್ಟರೆ ನಾವು ನಿಮ್ಮನ್ನು ಬಿಡುತ್ತೇವೆ ಎಂಬ ಲೆಕ್ಕ.

ಅದರ ಬಿಲ್ಲು ಯಾರ ಮೇಲೆ ಬಿತ್ತು ನೋಡಿ. ಟೆಕ್ಸಸ್‌ನ ನಗರಗಳು, ಶಾಲಾ ಮಂಡಳಿಗಳು ಬಾಂಡ್ ಮಾರಿ ಸಾಲ ಎತ್ತುತ್ತವೆ. ಆ ಬಾಂಡ್‌ಗಳನ್ನು ಮಾರುಕಟ್ಟೆಗೆ ತರುತ್ತಿದ್ದ ಐದು ದೊಡ್ಡ ಹಣಕಾಸು ಸಂಸ್ಥೆಗಳು ಹೊರಬಿದ್ದವು. ಸ್ಪರ್ಧೆ ಕಡಿಮೆಯಾದ ಮೇಲೆ ಬಡ್ಡಿ ಏರಲೇಬೇಕು. ಮೊದಲ ಎಂಟು ತಿಂಗಳಲ್ಲಿ ಎತ್ತಿದ ಸಾಲಕ್ಕೆ 30.3 ಕೋಟಿಯಿಂದ 53.2 ಕೋಟಿ ಡಾಲರ್ ಹೆಚ್ಚುವರಿ ಬಡ್ಡಿ ಬಿತ್ತು ಎಂದು ವಾರ್ಟನ್ ವಾಣಿಜ್ಯ ಶಾಲೆ ಮತ್ತು ಅಮೆರಿಕದ ಕೇಂದ್ರೀಯ ಬ್ಯಾಂಕಿನ ಇಬ್ಬರು ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದರು. ತೈಲ ಕಂಪನಿಗೂ ಬ್ಯಾಂಕಿಗೂ ಜಗಳ, ಹಣ ಕಟ್ಟಿದವರು ತೆರಿಗೆದಾರರು.

ಆದರೂ ಒತ್ತಡ ಕೆಲಸ ಮಾಡಿತು. 2024ರ ಕೊನೆಯಿಂದ ಅಮೆರಿಕದ ದೊಡ್ಡ ಬ್ಯಾಂಕುಗಳು ಹವಾಮಾನದ ಗುರಿಗಾಗಿ ಕಟ್ಟಿದ್ದ ಜಾಗತಿಕ ಬ್ಯಾಂಕ್ ಒಕ್ಕೂಟದಿಂದ ಒಂದೊಂದಾಗಿ ಹೊರನಡೆದವು. 2025ರ ಅಕ್ಟೋಬರ್‌ನಲ್ಲಿ ಆ ಒಕ್ಕೂಟವೇ ಮುಚ್ಚಿತು. 2025ರ ಜೂನ್‌ನಲ್ಲಿ ಸಿಟಿ ತನ್ನ ಬಂದೂಕು ನಿಯಮ ಕೈಬಿಟ್ಟಿತು. ಗೂಗಲ್ ಕೂಡ ಆ ವರ್ಷ, ಶಸ್ತ್ರಾಸ್ತ್ರಕ್ಕೆ ಎಐ ಬಳಸುವುದಿಲ್ಲ ಎಂಬ ತನ್ನ ಹಳೇ ಮಾತನ್ನು ತನ್ನ ತತ್ವಗಳ ಪಟ್ಟಿಯಿಂದ ತೆಗೆಯಿತು. ಗಾಳಿ ಬಂದ ಕಡೆ ತೂರುವ ಮೌಲ್ಯಗಳು ಎಂದು ನೌಕರರು, ಗಿರಾಕಿಗಳು ಆಡಿಕೊಂಡರೆ ಅವರ ತಪ್ಪೇನಿಲ್ಲ.

ನಿರಾಕರಿಸಿದರೆ ಕೆಲಸ ನಿಲ್ಲುತ್ತದಾ?

ಇದಕ್ಕೆ ಒಳ್ಳೆಯ ಉದಾಹರಣೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿರುವ ಅದಾನಿ ಸಮೂಹದ ಕಾರ್ಮೈಕಲ್ ಕಲ್ಲಿದ್ದಲು ಗಣಿ. ಮೊದಲ ಯೋಜನೆ ವರ್ಷಕ್ಕೆ 6 ಕೋಟಿ ಟನ್‌ನದು. ಗ್ರೇಟ್ ಬ್ಯಾರಿಯರ್ ರೀಫ್ ಮತ್ತು ಹವಾಮಾನದ ಕಾರಣಕ್ಕೆ ದೊಡ್ಡ ಚಳವಳಿ ಹುಟ್ಟಿತು. ಆಸ್ಟ್ರೇಲಿಯಾದ ನಾಲ್ಕು ದೊಡ್ಡ ಬ್ಯಾಂಕುಗಳೂ ಹಣ ಕೊಡುವುದಿಲ್ಲ ಎಂದವು. ಹೊರದೇಶದ ಬ್ಯಾಂಕುಗಳು, ವಿಮಾ ಕಂಪನಿಗಳು ಹಿಂದೆ ಸರಿದವು. ರೈಲು ಸಿಗ್ನಲ್ ಗುತ್ತಿಗೆ ಹಿಡಿದಿದ್ದ ಸೀಮೆನ್ಸ್ ಮೇಲೂ ಒತ್ತಡ ಬಂತು. ಸಹಿ ಹಾಕಿದ ಮೇಲೆ ಮಾತು ತಪ್ಪಲಾರೆ ಎಂದು 2020ರ ಜನವರಿಯಲ್ಲಿ ಅದು ಮುಂದುವರಿಯಿತು.

ಗಣಿ ನಿಂತಿತಾ? ಇಲ್ಲ. 2018ರ ನವೆಂಬರ್‌ನಲ್ಲಿ ಅದಾನಿ ಸ್ವಂತ ಹಣ ಹಾಕುವುದಾಗಿ ಘೋಷಿಸಿತು. ಗಾತ್ರ ಮಾತ್ರ ಕುಗ್ಗಿತು. ಆರಂಭದ ಗುರಿ ವರ್ಷಕ್ಕೆ ಸುಮಾರು 1 ಕೋಟಿ ಟನ್‌ಗೆ ಇಳಿಯಿತು. 388 ಕಿಲೋಮೀಟರ್‌ನ ಹೊಸ ರೈಲು ಮಾರ್ಗದ ಬದಲು ಸುಮಾರು 200 ಕಿಲೋಮೀಟರ್ ಹಾಕಿ ಇದ್ದ ಹಳಿಗೆ ಜೋಡಿಸಿದರು. 2021ರ ಕೊನೆಗೆ ಮೊದಲ ಕಲ್ಲಿದ್ದಲು ರಫ್ತಿಗೆ ಸಿದ್ಧವಾಯಿತು.

ಎರಡೂ ಕಡೆಯವರು ತಾವೇ ಗೆದ್ದೆವು ಅನ್ನಬಹುದು. ಹತ್ತಾರು ಬ್ಯಾಂಕುಗಳು ಒಟ್ಟಿಗೆ ಬೇಡ ಅಂದರೆ ಯೋಜನೆ ತಡವಾಗುತ್ತದೆ, ಚಿಕ್ಕದಾಗುತ್ತದೆ, ದುಬಾರಿಯಾಗುತ್ತದೆ. ಜೇಬಿನಲ್ಲಿ ಹಣ ಇದ್ದವನನ್ನು ಪೂರ್ತಿ ತಡೆಯಲು ಆಗುವುದಿಲ್ಲ. ಹಾಗೆ ನೋಡಿದರೆ ಒಂದು ಜಾಕೆಟ್ ಬ್ರ್ಯಾಂಡಿನ ನಿರಾಕರಣೆಯಿಂದ ಒಂದು ಬ್ಯಾರೆಲ್ ತೈಲವೂ ಕಡಿಮೆಯಾಗಿಲ್ಲ. ಅದು ಪ್ರಚಾರ. ಪ್ರಚಾರ ತಪ್ಪೇನಲ್ಲ, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕೆಂಪ್ ಫೋರ್ಟ್ ಮಾಲ್‌ನ ಯಂತ್ರ

ಇದು ನಮ್ಮಲ್ಲೂ ನಡೆದಿದೆ, ಬೆಂಗಳೂರಿನಲ್ಲೇ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ಹಣದ ವ್ಯವಹಾರ ಮಾಡುವವರಿಗೆ ಸೇವೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಹೇಳಿತು. ಕ್ರಿಪ್ಟೊ ನಿಷೇಧವಾಗಿರಲಿಲ್ಲ. ಬ್ಯಾಂಕಿನ ಬಾಗಿಲಷ್ಟೇ ಮುಚ್ಚಿತ್ತು. ಅಷ್ಟಕ್ಕೇ ಕ್ರಿಪ್ಟೊ ಕೊಳ್ಳುವ, ಮಾರುವ ದೊಡ್ಡ ಎಕ್ಸ್‌ಚೇಂಜ್‌ಗಳಲ್ಲಿ ಒಂದಾದ ಜೆಬ್‌ಪೇ ಅದೇ ಸೆಪ್ಟೆಂಬರ್‌ನಲ್ಲಿ ಇಲ್ಲಿನ ವಹಿವಾಟು ನಿಲ್ಲಿಸಿತು.

ಬೆಂಗಳೂರಿನ ಇನ್ನೊಂದು ಎಕ್ಸ್‌ಚೇಂಜ್ ಯುನೊಕಾಯಿನ್ ಬೇರೆ ದಾರಿ ಹುಡುಕಿತು. ಅಕ್ಟೋಬರ್‌ನಲ್ಲಿ ಹಳೇ ಏರ್‌ಪೋರ್ಟ್ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಎಟಿಎಂ ಥರದ ಒಂದು ಯಂತ್ರ ಇಟ್ಟಿತು. ಗ್ರಾಹಕರು ಅಲ್ಲಿಯೇ ನಗದು ಹಾಕಬಹುದು, ತೆಗೆಯಬಹುದು, ಬ್ಯಾಂಕಿನ ಹಂಗಿಲ್ಲ. ಕೆಲವೇ ದಿನಗಳಲ್ಲಿ ಸಿಸಿಬಿ ಪೊಲೀಸರು ಯಂತ್ರವನ್ನು ವಶಕ್ಕೆ ತೆಗೆದುಕೊಂಡರು, ಕಂಪನಿಯ ಸಂಸ್ಥಾಪಕರನ್ನು ಬಂಧಿಸಿದರು. ಅನುಮತಿ ಪಡೆದಿರಲಿಲ್ಲ ಎಂಬುದು ಪೊಲೀಸರ ಮಾತು.

2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ರಿಸರ್ವ್ ಬ್ಯಾಂಕಿಗೆ ಅಧಿಕಾರ ಇದೆ, ಆದರೆ ಈ ವ್ಯವಹಾರದಿಂದ ತನ್ನ ಕೈಕೆಳಗಿನ ಬ್ಯಾಂಕುಗಳಿಗೆ ಏನಾದರೂ ಹಾನಿಯಾಗಿದೆ ಎಂದು ಅದು ತೋರಿಸಿಲ್ಲ, ಕ್ರಮ ಅತಿಯಾಯಿತು ಎಂದಿತು. ಕಾನೂನುಬದ್ಧ ವ್ಯಾಪಾರಕ್ಕೆ ಬ್ಯಾಂಕ್ ಇಲ್ಲದಿದ್ದರೆ ಉಸಿರೇ ನಿಂತಂತೆ ಎಂಬುದನ್ನು ಕೋರ್ಟ್ ಒಪ್ಪಿತು.

ಕುತೂಹಲದ ಭಾಗ ಆಮೇಲಿನದು. ತೀರ್ಪು ಬಂದು ವರ್ಷ ಕಳೆದರೂ ಕೆಲವು ಬ್ಯಾಂಕುಗಳು ಅದೇ ಹಳೇ ಸುತ್ತೋಲೆ ತೋರಿಸಿ ಗ್ರಾಹಕರನ್ನು ಎಚ್ಚರಿಸುತ್ತಿದ್ದವು. 2021ರ ಮೇ 31ರಂದು ರಿಸರ್ವ್ ಬ್ಯಾಂಕ್, ಅದನ್ನು ಉಲ್ಲೇಖಿಸಬೇಡಿ ಎಂದು ಹೇಳಬೇಕಾಯಿತು. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಕ್ರಿಪ್ಟೊ ಎಕ್ಸ್‌ಚೇಂಜ್ ಕಾಯಿನ್‌ಬೇಸ್ ಬೆಂಗಳೂರಿನಲ್ಲೇ ಸಮಾರಂಭ ಮಾಡಿ ಯುಪಿಐ ಪಾವತಿ ಶುರುಮಾಡಿತು, ಮೂರ್ನಾಲ್ಕು ದಿನದಲ್ಲಿ ನಿಲ್ಲಿಸಿತು. ರಿಸರ್ವ್ ಬ್ಯಾಂಕಿನಿಂದ ಅನೌಪಚಾರಿಕ ಒತ್ತಡ ಇತ್ತು ಎಂದು ಅದರ ಮುಖ್ಯಸ್ಥರು ನಂತರ ಹೇಳಿದರು.

ಬ್ಯಾಂಕು ಬೇಡ ಅಂದಾಗ ಅದು ನಿಜಕ್ಕೂ ಬ್ಯಾಂಕಿನ ತೀರ್ಮಾನವೋ, ಹಿಂದೆ ಯಾರಾದರೂ ಕಣ್ಸನ್ನೆ ಮಾಡಿದ್ದಾರೋ ಎನ್ನುವುದು ಹೊರಗಿನವರಿಗೆ ತಿಳಿಯುವುದಿಲ್ಲ. ಅಮೆರಿಕದಲ್ಲೂ ಇದೇ ಸಂಶಯ. 2013ರಲ್ಲಿ ಅಲ್ಲಿನ ನ್ಯಾಯ ಇಲಾಖೆ ‘ಚೋಕ್ ಪಾಯಿಂಟ್’ ಎಂಬ ಕಾರ್ಯಾಚರಣೆಯಲ್ಲಿ, ಅಪಾಯದ ವ್ಯಾಪಾರ ಎನಿಸಿದ ಕಡೆಗಳಿಂದ ಬ್ಯಾಂಕುಗಳು ದೂರ ಇರುವಂತೆ ಬಿಸಿ ಮುಟ್ಟಿಸಿತ್ತು. ಟ್ರಂಪ್ ಆದೇಶ ‘ಹೆಸರಿಗೆ ಕಳಂಕ ಬರುವ ಅಪಾಯ’ ಎಂಬ ಮಾನದಂಡವನ್ನೇ ನಿಯಮಗಳಿಂದ ತೆಗೆಯಿರಿ ಎಂದು ಹೇಳಿದ್ದರ ಹಿನ್ನೆಲೆ ಇದು. ಹಾಗಂತ ಆ ಆದೇಶವೇನೂ ನಿಷ್ಪಕ್ಷವಲ್ಲ. ಮೊದಲು ಸೇವೆ ನಿಲ್ಲಿಸಿ ಎಂಬ ಸನ್ನೆ, ಈಗ ಕೊಡಿ ಎಂಬ ಅಪ್ಪಣೆ. ಕೈ ಮಾತ್ರ ಸರ್ಕಾರದ್ದೇ.

ಕುಲ ಮತ್ತು ಕಸುಬು

ಅಮೆರಿಕದ ಕಾನೂನು ಎಳೆದ ಗೆರೆ ಹುಟ್ಟು ಒಂದು ಕಡೆ, ಕಸುಬು ಇನ್ನೊಂದು ಕಡೆ ಎಂಬುದು. ಭಾರತದಲ್ಲಿ ಈ ಗೆರೆ ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ. ಇಲ್ಲಿ ಕಸುಬಿಗೆ ಕುಲ ಅಂಟಿಕೊಂಡಿದೆ.

ನಮ್ಮ ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲ್‌ಗಳಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾರನ್ನೂ ತಡೆಯಬಾರದು ಎನ್ನುತ್ತದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್, ಅಸ್ಪೃಶ್ಯತೆಯ ಆಧಾರದ ಮೇಲೆ ಸರಕು ಮಾರಲು, ಸೇವೆ ಕೊಡಲು ನಿರಾಕರಿಸುವುದೇ ಅಪರಾಧ ಎಂದಿದೆ. ಅಮೆರಿಕದವರು ಕಾಯ್ದೆ ಮಾಡುವ ಒಂಬತ್ತು ವರ್ಷ ಮೊದಲೇ ನಾವು ಇದನ್ನು ಮಾಡಿದ್ದೆವು. ಯಾಕೆಂದರೆ ಕೊಡುವುದಿಲ್ಲ ಎಂಬ ಮಾತು ಇಲ್ಲಿ ಏನು ಮಾಡಬಲ್ಲದು ಎಂದು ನಮಗೆ ಚೆನ್ನಾಗಿ ಗೊತ್ತಿತ್ತು.

ಈಗ ಒಂದು ಕಂಪನಿ, ಮಾಂಸ ಮತ್ತು ಚರ್ಮದ ಉದ್ಯಮದ ಜೊತೆ ನಾವು ವ್ಯವಹರಿಸುವುದಿಲ್ಲ, ಅದು ನಮ್ಮ ಬ್ರ್ಯಾಂಡ್ ಮೌಲ್ಯ ಎಂದು ಹೇಳಿತು ಅಂದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಅದು ಪ್ರಾಣಿದಯೆಯ ಮಾತು. ಇಲ್ಲಿ ಆ ಕಸುಬುಗಳಲ್ಲಿ ಇರುವವರು ಯಾರು, ಯಾವ ಕೇರಿಯವರು ಎಂದು ಎಲ್ಲರಿಗೂ ಗೊತ್ತು. ಜಾತಿಯ ಹೆಸರೆತ್ತದೆ ಜಾತಿ ಸೋಸುವ ಜರಡಿ ಅದಾಗಬಹುದು. ಸಂವಿಧಾನದ ಪಟ್ಟಿಯಲ್ಲಿ ಜಾತಿ ಇದೆ, ಕಸುಬು ಇಲ್ಲ. ಒಳ್ಳೆಯ ವಕೀಲನಿಗೆ ಈ ಸಂದು ಸಾಕು.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದರ ರುಚಿ ಗೊತ್ತಿರುತ್ತದೆ. ಲಾಯರಿಗೆ ಕೊಡಲ್ಲ, ಪೊಲೀಸಿಗೆ ಕೊಡಲ್ಲ, ಸಿನಿಮಾದವರಿಗೆ ಕೊಡಲ್ಲ. ಇದು ಕಸುಬಿನ ಮೇಲಿನ ನಿರಾಕರಣೆ, ಜನ ನಕ್ಕು ಸುಮ್ಮನಾಗುತ್ತಾರೆ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡಿಗೆ ಬಂದಾಗ ನಗು ನಿಲ್ಲುತ್ತದೆ. ಅದು ಅಡುಗೆಮನೆಯ ಮಾತಷ್ಟೇ ಅಲ್ಲ ಎಂದು ಇಬ್ಬರಿಗೂ ಗೊತ್ತು. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಬಾಗಿಲಲ್ಲೇ ತಡೆದಾಗ ರಾಜ್ಯವೇ ಸಿಟ್ಟಾಯಿತು, ಏಳು ದಿನ ಮಾಲ್ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಪಂಚೆ ಕೂಡ 15(2)ರ ಪಟ್ಟಿಯಲ್ಲಿ ಇಲ್ಲ. ಆದರೆ ಪಂಚೆಯ ನೆಪದಲ್ಲಿ ಯಾರನ್ನು ತಡೆದರು ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಹಾಗಾಗಿ ಅಮೆರಿಕದ ಮಾದರಿಯನ್ನು ಇಲ್ಲಿ ಹಾಗೇ ಇಳಿಸಿಕೊಳ್ಳಬಾರದು. ಕಂಪನಿಯೊಂದರ ಕೆಲಸವನ್ನು ನೋಡಿ ಬೇಡ ಅನ್ನುವುದು ಒಂದು. ಇಡೀ ಕಸುಬನ್ನೇ ಕಪ್ಪುಪಟ್ಟಿಗೆ ಹಾಕುವುದು ಬೇರೆಯೇ. ಮೊದಲನೆಯದರಲ್ಲಿ ಕಾರಣ ಕೇಳಬಹುದು, ಉತ್ತರ ಕೊಡಬಹುದು. ಎರಡನೆಯದರಲ್ಲಿ ಹುಟ್ಟು ಸದ್ದಿಲ್ಲದೆ ಒಳಗೆ ಬರುತ್ತದೆ.

ಮುಂದೆ ಏನಾಗಬಹುದು

ಅಮೆರಿಕದಲ್ಲಿ ನಿರಾಕರಣೆ ನಿಲ್ಲುವುದಿಲ್ಲ, ದನಿ ತಗ್ಗಿಸುತ್ತದೆ. ನಿಯಮ ಬರೆದು ಪ್ರಕಟಿಸಿದರೆ ಒಂದಲ್ಲ ಒಂದು ಕಡೆಯಿಂದ ಏಟು ಬೀಳುತ್ತದೆ ಎಂದು ಕಂಪನಿಗಳು ಕಲಿತಿವೆ. ಇನ್ನು ಮೇಲೆ ಸ್ಟಾಕ್ ಇಲ್ಲ, ಈ ಸಲ ಆಗಲ್ಲ, ಬಡ್ಡಿ ಸ್ವಲ್ಪ ಜಾಸ್ತಿ ಎಂಬಂಥ ಉತ್ತರಗಳು ಬರುತ್ತವೆ. ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸ ಮುಗಿಯುತ್ತದೆ. ಹೊರಗಿಟ್ಟವರಿಗೆ ಇದರಿಂದ ಕಷ್ಟವೇ ಹೆಚ್ಚು. ಬರೆದ ನಿಯಮವನ್ನು ಪ್ರಶ್ನಿಸಬಹುದು, ನಯವಾದ ನೆಪವನ್ನು ಪ್ರಶ್ನಿಸುವುದು ಹೇಗೆ?

ನಮ್ಮ ಕಡೆ ಇದು ಪ್ರಶ್ನಾವಳಿಗಳ ರೂಪದಲ್ಲಿ ಬರುವ ಸಾಧ್ಯತೆ ಹೆಚ್ಚು. ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ದೇಶದ 1,000 ದೊಡ್ಡ ಲಿಸ್ಟೆಡ್ ಕಂಪನಿಗಳು ಪ್ರತಿವರ್ಷ ಪರಿಸರ, ಸಮಾಜ, ಆಡಳಿತದ ಬಗ್ಗೆ ಬಿಆರ್‌ಎಸ್‌ಆರ್ ವರದಿ ಕೊಡುತ್ತವೆ. ಹೊರದೇಶದ ಖರೀದಿದಾರರೂ ಇಂಥದ್ದೇ ವಿವರ ಕೇಳುತ್ತಾರೆ. ದೊಡ್ಡವರು ಆ ಫಾರಂ ಅನ್ನು ತಮಗೆ ಬಿಡಿಭಾಗ ಕೊಡುವ ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ದಾಟಿಸುತ್ತಾರೆ. ಮತ್ಯಾರಿಗೆ ಮಾಲು ಕೊಡುತ್ತೀರಿ ಎಂಬ ಸಾಲು ಅದರಲ್ಲಿ ಸೇರಿಕೊಂಡರೆ ಅಲ್ಲಿಗೆ ಆಯ್ಕೆ ಸಣ್ಣವನ ಕೈತಪ್ಪುತ್ತದೆ. ಬೆಂಗಳೂರಿನ ಐಟಿ ಸೇವಾ ಕಂಪನಿಗಳಿಗೂ ಇದು ದೂರದ ಮಾತಲ್ಲ. ತೈಲ, ಗಣಿ, ಬ್ಯಾಂಕು, ಎಲ್ಲರೂ ಅವರ ಗಿರಾಕಿಗಳೇ.

ತಂಬಾಕಿನ ವಿಷಯ ಇನ್ನೂ ಸಿಕ್ಕು. ಮೈಸೂರು ಭಾಗದ ಹುಣಸೂರು, ಪಿರಿಯಾಪಟ್ಟಣದಲ್ಲಿ ರೈತರು ತಂಬಾಕು ಮಂಡಳಿಯ ಲೈಸೆನ್ಸ್ ಪಡೆದು ಬೆಳೆಯುತ್ತಾರೆ, ಅದರ ಹರಾಜು ಮಾರುಕಟ್ಟೆಯಲ್ಲೇ ಮಾರುತ್ತಾರೆ. ಬೆಳೆಗೆ, ಎಲೆ ಹದ ಮಾಡುವ ಬ್ಯಾರನ್ನಿಗೆ ಬ್ಯಾಂಕ್ ಸಾಲ ಬೇಕು. ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರಿದ್ದಾರೆ. ಇನ್ನೊಂದು ತುದಿಯಲ್ಲಿ ಸರ್ಕಾರಿ ಒಡೆತನದ ಎಲ್‌ಐಸಿ, ಸಿಗರೇಟು ಮಾಡುವ ಐಟಿಸಿಯ ದೊಡ್ಡ ಷೇರುದಾರರಲ್ಲಿ ಒಂದು. ನಾಳೆ ಯಾವುದಾದರೂ ಬ್ಯಾಂಕು ತಂಬಾಕು ನಮ್ಮ ಮೌಲ್ಯಕ್ಕೆ ಒಗ್ಗುವುದಿಲ್ಲ ಎಂದರೆ ಐಟಿಸಿಗೆ ಏನೂ ಆಗುವುದಿಲ್ಲ, ಅದಕ್ಕೆ ಆ ಬ್ಯಾಂಕಿನ ಸಾಲವೇ ಬೇಕಾಗಿಲ್ಲ. ಅರ್ಜಿ ವಾಪಸ್ ಬರುವುದು ಹುಣಸೂರಿನ ಎರಡು ಎಕರೆಯವನಿಗೆ. ಬೇರೆ ಬೆಳೆಗೆ ಹೋಗು ಅನ್ನುವ ಬ್ಯಾಂಕು, ಆ ಬೆಳೆಗೆ ಎಷ್ಟು ಸಾಲ ಕೊಡುತ್ತೇನೆ ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಬೇಕಾಗುತ್ತದೆ.